‘ಏನು ಬೇಕು?’ ಅಂತ ಕೇಳುತ್ತಾರೆ, ಉತ್ತರ ಇಟ್ಟುಕೊಂಡು ಬನ್ನಿ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹುಬ್ಬಳ್ಳಿಯವರು, ಬೆಂಗಳೂರಿನಲ್ಲಿ ಎಂಎಸ್ಸಿ ಮುಗಿಸಿದ್ದೀರಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ನಲ್ಲಿ ಪಿಎಚ್‌ಡಿ ಸಿಕ್ಕಿದೆ, ಸೆಪ್ಟೆಂಬರ್‌ನಲ್ಲಿ ಹೊರಡಬೇಕು. ಆಟಿಸಂ, ಗಮನ ಒಂದು ಕಡೆ ನಿಲ್ಲಿಸಲು ಕಷ್ಟವಾಗುವ ಎಡಿಎಚ್‌ಡಿ ಎರಡೂ ಇವೆ ಅಂತ ಹೋದ ವರ್ಷ ಡಾಕ್ಟರು ಬರೆದುಕೊಟ್ಟಿದ್ದಾರೆ. ಅಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿಮ್ಮ ಪ್ರಶ್ನೆಗಳು: ಅಲ್ಲಿ ಹೇಳಬೇಕಾ? ಹೇಳಿದರೆ ಸೀಟು ಹೋಗುತ್ತಾ? ನಮ್ಮಂಥವರು ಈ ಕೆಲಸದಲ್ಲಿ ಉಳಿಯುತ್ತೇವಾ? ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀರಿ, ‘ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಅಮ್ಮ, ಅಲ್ಲಿ ಯಾರು?’ ಅಂತ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅನಿಸಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಶಿವಮೊಗ್ಗದವಳು. ನೆದರ್ಲೆಂಡ್ಸ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಪಿಎಚ್‌ಡಿ ಇಲ್ಲೇ ಮಾಡಿದೆ. ಈಗ ಕ್ವಾಂಟಮ್ ಕಂಪ್ಯೂಟರ್‌ನ ಮೂಲ ಘಟಕಗಳಾದ ಕ್ಯೂಬಿಟ್‌ಗಳನ್ನು ಶ್ರುತಿ ಮಾಡುವ ಸಾಫ್ಟ್‌ವೇರ್ ಬರೆಯುತ್ತೇನೆ. ನಿಮಗಿರುವ ಎರಡೂ ನನಗೂ ಇವೆ. ನಿಮಗೆ ಇಪ್ಪತ್ತಮೂರಕ್ಕೆ ಗೊತ್ತಾಯಿತು, ನನಗೆ ಮೂವತ್ತೊಂದಕ್ಕೆ. ನಡುವಿನ ಆ ಎಂಟು ವರ್ಷ ನನಗೆ ಏನು ಕಲಿಸಿತೋ ಅದನ್ನು ನಿಮಗೆ ಪುಕ್ಕಟೆ ಕೊಡಬೇಕು ಅನ್ನುವುದೊಂದೇ ನನ್ನ ಆಸೆ.

ಮೊದಲು ಭಯದ ಪ್ರಶ್ನೆ. ಸೀಟು ಹೋಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಕಾಲೇಜಿನ ಸೀಟು ಅಲ್ಲ, ಅದು ನೌಕರಿ. ನಾಲ್ಕು ವರ್ಷದ ಕರಾರು, ತಿಂಗಳ ಸಂಬಳ, ಅದರ ಮೇಲೆ ಶೇಕಡ 8 ರಜಾ ಭತ್ಯೆ, ಪಿಂಚಣಿ ಎಲ್ಲ ಇರುತ್ತದೆ. ಹಾಗಾಗಿ ನೌಕರರ ಕಾನೂನು ನಿಮಗೂ ಅನ್ವಯಿಸುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಆರೋಗ್ಯದ ಬಗ್ಗೆ ಕೇಳುವಂತಿಲ್ಲ ಅಂತ 1998ರಿಂದ ಕಾನೂನಿದೆ. ಅಂಗವಿಕಲತೆ ಅಥವಾ ದೀರ್ಘಕಾಲದ ಕಾಯಿಲೆಯ ಕಾರಣಕ್ಕೆ ತಾರತಮ್ಯ ಮಾಡಬಾರದು, ಬೇಕಾದ ಹೊಂದಾಣಿಕೆಗಳನ್ನು ಮಾಡಿಕೊಡಬೇಕು ಅಂತ 2003ರಿಂದ ಇನ್ನೊಂದು ಕಾನೂನಿದೆ. ಕೆಲಸಕ್ಕೆ ಸೇರಿದ ಮೇಲೂ ನಿಮ್ಮ ಪ್ರೊಫೆಸರ್ ‘ನಿನಗೆ ಏನು ಕಾಯಿಲೆ?’ ಅಂತ ಕೇಳುವಂತಿಲ್ಲ. ಅದನ್ನೆಲ್ಲ ಮಾತಾಡಲು ಬೆಡ್ರೈಫ್ಸ್‌ಆರ್ಟ್ಸ್ ಅಂತ ಒಬ್ಬ ಡಾಕ್ಟರು ಇರುತ್ತಾರೆ. ಅವರು ಕೆಲಸದ ಜಾಗಕ್ಕೆ ಸಂಬಂಧಪಟ್ಟ ಡಾಕ್ಟರು, ಆದರೆ ನಿಮ್ಮ ಗುಟ್ಟು ಅವರ ಹತ್ತಿರವೇ ಉಳಿಯುತ್ತದೆ. ‘ಇವರಿಗೆ ಗೋಡೆ ಪಕ್ಕದ ಮೇಜು ಕೊಡಿ’ ಅಂತ ಬರೆಯುತ್ತಾರೆ. ಯಾಕೆ ಅಂತ ಬರೆಯುವುದಿಲ್ಲ.

ಇಷ್ಟು ಕೇಳಿದರೆ ನೆಮ್ಮದಿ ಅನಿಸುತ್ತದೆ, ಅಲ್ವಾ? ನನಗೂ ಈ ಕಾನೂನುಗಳೆಲ್ಲ ಮೊದಲ ದಿನದಿಂದ ಇದ್ದವು. ಆದರೂ ಮೂರನೇ ವರ್ಷದಲ್ಲಿ ಕುಸಿದು ಬಿದ್ದೆ. ಯಾಕೆ ಅಂತ ಹೇಳಬೇಕಾದರೆ ಕಾಫಿಯಿಂದ ಶುರು ಮಾಡಬೇಕು.

ನಮ್ಮ ಮನೆಗಳಲ್ಲಿ ಹೇಗೆ? ಯಾರದಾದರೂ ಮನೆಗೆ ಹೋದಾಗ ಕಾಫಿ ಬೇಕಾ ಅಂದರೆ ‘ಅಯ್ಯೋ ಬೇಡ, ಈಗಷ್ಟೇ ಆಯ್ತು’ ಅನ್ನುತ್ತೇವೆ. ಅವರು ಮತ್ತೆ ಕೇಳುತ್ತಾರೆ. ನಾವು ಮತ್ತೆ ಬೇಡ ಅನ್ನುತ್ತೇವೆ. ಅಷ್ಟರಲ್ಲಿ ಒಳಗೆ ಹಾಲು ಕಾಯುತ್ತಿರುತ್ತದೆ. ಬೇಡ ಅನ್ನುವುದು ನಮಗೆ ಮರ್ಯಾದೆ. ಬೇಕು ಅಂತ ಬಾಯಿಬಿಟ್ಟು ಕೇಳುವ ಮಗು ದುರಾಸೆಯ ಮಗು. ಇಲ್ಲಿ ಒಂದು ಸಲ ಬೇಡ ಅಂದರೆ ಮುಗಿಯಿತು, ಕಾಫಿ ಬರುವುದಿಲ್ಲ. ಅದರಲ್ಲಿ ಕೋಪ ಇಲ್ಲ, ಅಸಡ್ಡೆಯೂ ಇಲ್ಲ. ನೀವು ಹೇಳಿದ್ದನ್ನು ಅವರು ನಂಬಿದರು, ಅಷ್ಟೇ.

ನನ್ನ ಮೊದಲ ಕೆಲಸದ ಜಾಗದಲ್ಲಿ ದೊಡ್ಡ ಹಾಲ್. ಯಾರಿಗೂ ಸ್ವಂತ ಮೇಜಿಲ್ಲ. ಬೆಳಿಗ್ಗೆ ಬಂದವರು ಸಿಕ್ಕಲ್ಲಿ ಕೂರಬೇಕು. ಹಿಂದೆ ಕಾಫಿ ಯಂತ್ರ, ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಮೂರು ಜನರ ಮಾತು. ಮಧ್ಯಾಹ್ನದ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಸಂಜೆ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕತ್ತಲಲ್ಲಿ ಕೂರುತ್ತಿದ್ದೆ. ಒಂದು ದಿನ ನನ್ನ ಮೇಲಿನವರು ಕರೆದು ಕೂರಿಸಿಕೊಂಡರು. ‘ನಿನ್ನ ಕೆಲಸ ನಿಧಾನ ಆಗಿದೆ. ನಿನಗೆ ಏನು ಬೇಕು?’ ಅಂತ ಕೇಳಿದರು. ಅವರ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ನಾನು ಏನು ಹೇಳಿದೆ ಗೊತ್ತಾ? ‘ಏನೂ ಬೇಡ, ಎಲ್ಲ ಸರಿ ಇದೆ.’ ಅವರು ನಂಬಿದರು. ನಾಲ್ಕು ತಿಂಗಳ ನಂತರ ನಾನು ಹಾಸಿಗೆಯಿಂದ ಏಳಲಾರದೆ ಆರು ತಿಂಗಳು ರಜೆ ಹಾಕಿದೆ.

ಆ ರಜೆಯಲ್ಲಿ ಸಂಬಳ ನಿಲ್ಲಲಿಲ್ಲ. ಇಲ್ಲಿ ಕಾಯಿಲೆ ಬಿದ್ದ ನೌಕರನಿಗೆ ಎರಡು ವರ್ಷದವರೆಗೆ ಕನಿಷ್ಠ ಶೇಕಡ 70 ಸಂಬಳ ಕೊಡಬೇಕು ಅಂತ ಕಾನೂನಿದೆ. ಕರಾರು ಮುಗಿಯುವವರೆಗೂ ಈ ಆಸರೆ ಇರುತ್ತದೆ. ಅದನ್ನು ನೆನೆದರೆ ಇವತ್ತಿಗೂ ಈ ದೇಶದ ಮೇಲೆ ಕೃತಜ್ಞತೆ ಉಕ್ಕುತ್ತದೆ. ಆದರೆ ಒಂದು ಸತ್ಯವನ್ನು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಅವತ್ತು ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಏನು ಬೇಕು ಅಂತ ನನಗೇ ಗೊತ್ತಿರಲಿಲ್ಲ. ಊರಲ್ಲಿ ಅದನ್ನೆಲ್ಲ ಅಮ್ಮ ನೋಡಿಕೊಳ್ಳುತ್ತಿದ್ದಳು. ನೆಂಟರು ಜಾಸ್ತಿ ಬಂದ ದಿನ ‘ನೀನು ಮಹಡಿಗೆ ಹೋಗಿ ಓದ್ಕೋ’ ಅಂತ ಕಳಿಸುತ್ತಿದ್ದಳು. ಪರೀಕ್ಷೆ ಹೊತ್ತಲ್ಲಿ ನನ್ನ ಪಕ್ಕ ಕೂತು ಅವರೆಕಾಳು ಬಿಡಿಸುತ್ತಿದ್ದಳು, ಯಾಕೆಂದರೆ ಯಾರಾದರೂ ಪಕ್ಕದಲ್ಲಿದ್ದರೆ ಮಾತ್ರ ನಾನು ಓದುತ್ತೇನೆ ಅಂತ ಅವಳು ಕಂಡುಕೊಂಡಿದ್ದಳು. ಎಡಿಎಚ್‌ಡಿ ಇರುವವರು ಹೀಗೆ ಜೊತೆಗೊಬ್ಬರನ್ನು ಕೂರಿಸಿಕೊಂಡು ಕೆಲಸ ಮಾಡುವುದಕ್ಕೆ ಈಗ ‘ಬಾಡಿ ಡಬ್ಲಿಂಗ್’ ಅಂತ ಹೆಸರಿದೆ. ಅಮ್ಮನಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಇದೇ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ಊರಲ್ಲಿ ನಮ್ಮವರು ಹೇಳದೆಯೇ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಅದಕ್ಕೆ ಹೆಸರಿಡಲು ಬಿಡುವುದಿಲ್ಲ. ‘ನಮ್ಮ ಹುಡುಗಿಗೆ ಏನೂ ಇಲ್ಲ, ಸ್ವಲ್ಪ ಸಂಕೋಚ ಅಷ್ಟೇ’ ಅನ್ನುತ್ತಾರೆ. ಇಲ್ಲಿ ಹೆಸರು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕೇಳಿದ್ದನ್ನು ಕೊಡುತ್ತಾರೆ. ಆದರೆ ಕೇಳದಿದ್ದರೆ ನಿಮ್ಮ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮ್ಮ ಮಾಡುತ್ತಿದ್ದ ಗಮನಿಸುವ ಕೆಲಸವನ್ನು ಇನ್ನು ನೀವೇ ಮಾಡಿಕೊಳ್ಳಬೇಕು.

ಅದಕ್ಕೆ ಹೊರಡುವ ಮೊದಲೇ ಒಂದು ಕೆಲಸ ಮಾಡಿ. ಅಮ್ಮನ ಜೊತೆ ಒಂದು ಮಧ್ಯಾಹ್ನ ಕೂತು ಕೇಳಿ: ‘ನನಗೋಸ್ಕರ ನೀನು ದಿನಾ ಏನೇನು ಮಾಡ್ತೀಯ?’ ಎಲ್ಲ ಬರೆದುಕೊಳ್ಳಿ. ಎಬ್ಬಿಸುವುದು, ಊಟ ನೆನಪಿಸುವುದು, ಬಟ್ಟೆಯ ಲೇಬಲ್ ಕತ್ತರಿಸುವುದು, ಕರೆಂಟ್ ಬಿಲ್ ಕಟ್ಟುವುದು. ನಾನು ಇದನ್ನು ಮೂವತ್ತೊಂದನೇ ವಯಸ್ಸಿನಲ್ಲಿ ವಿಡಿಯೋ ಕಾಲ್‌ನಲ್ಲಿ ಮಾಡಿದೆ. ಪಟ್ಟಿ ಎರಡು ಪುಟ ಆಯಿತು. ಅಮ್ಮ ಅತ್ತಳು, ನಾನೂ ಅತ್ತೆ.

ಆ ಪಟ್ಟಿಯಿಂದಲೇ ನಿಮ್ಮ ‘ಬೇಕು’ಗಳು ಹುಟ್ಟುತ್ತವೆ. ನನ್ನವು ಇವು: ದಿನವೂ ಅದೇ ಮೇಜು, ಬೆನ್ನ ಹಿಂದೆ ಗೋಡೆ. ಮೀಟಿಂಗ್‌ನಲ್ಲಿ ಏನು ಮಾತಾಡುತ್ತೇವೆ ಅನ್ನುವುದು ಹಿಂದಿನ ದಿನವೇ ಬರಹದಲ್ಲಿ. ಬಾಯಲ್ಲಿ ಹೇಳಿದ ಕೆಲಸ ಮತ್ತೆ ಈಮೇಲ್‌ನಲ್ಲಿ. ಗೈಡ್ ಜೊತೆ ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಇವು ಯಾವುದಕ್ಕೂ ದುಡ್ಡು ಖರ್ಚಾಗುವುದಿಲ್ಲ. ಎಲ್ಲವನ್ನೂ ಹದಿನೈದು ನಿಮಿಷದಲ್ಲಿ ಕೇಳಿದೆ, ಎಲ್ಲಕ್ಕೂ ‘ಆಗಲಿ’ ಅಂದರು. ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ದ ಕಷ್ಟಕ್ಕೆ ಹದಿನೈದು ನಿಮಿಷ ಸಾಕಾಯಿತು.

ಹಾಗಾದರೆ ಹೆಸರು ಹೇಳಬೇಕಾ? ನನ್ನ ಸಲಹೆ: ಬೇಕುಗಳನ್ನು ಮೊದಲ ವಾರವೇ ಹೇಳಿ, ಹೆಸರನ್ನು ಆಮೇಲೆ ಹೇಳಿ. ಗೈಡ್ ಎಂಥವರು ಅಂತ ಒಂದೆರಡು ತಿಂಗಳು ನೋಡಿ. ಆದರೆ ತುಂಬಾ ತಡ ಮಾಡಬೇಡಿ. ಮೊದಲ ವರ್ಷದ ಹೊತ್ತಿಗೆ ‘ಗೋ, ನೋಗೋ’ ಅಂತ ಒಂದು ಪರಿಶೀಲನೆ ಇರುತ್ತದೆ. ಮುಂದುವರಿಸಬೇಕೋ ಬೇಡವೋ ಅಂತ ಆಗ ತೀರ್ಮಾನಿಸುತ್ತಾರೆ. ಆಟಿಸಂ ಇದೆ ಅಂತ ಅಲ್ಲಿ ಯಾರೂ ಸೋಲಿಸುವುದಿಲ್ಲ. ಕಾರಣ ಗೊತ್ತಾಗದೆ ಕೆಲಸ ಹಿಂದೆ ಬಿದ್ದರೆ ಅದು ಅಪಾಯ.

ಈಗ ಕೆಲಸದ ಮಾತು. ನೀವು ಸೇರುವ ಕ್ಯೂಟೆಕ್ ಸಂಸ್ಥೆಯನ್ನು 2014ರಲ್ಲಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಟಿಎನ್‌ಒ ಅನ್ನುವ ಡಚ್ ಸಂಶೋಧನಾ ಸಂಸ್ಥೆ ಸೇರಿ ಶುರು ಮಾಡಿದವು. ಸೂಪರ್‌ಕಂಡಕ್ಟರ್, ಸಿಲಿಕಾನ್‌ನೊಳಗಿನ ಎಲೆಕ್ಟ್ರಾನ್ ಸ್ಪಿನ್, ವಜ್ರದೊಳಗಿನ ದೋಷ ಹೀಗೆ ಬೇರೆ ಬೇರೆ ಜಾತಿಯ ಕ್ಯೂಬಿಟ್‌ಗಳ ಕೆಲಸ ಒಂದೇ ಕಟ್ಟಡದ ಆಸುಪಾಸಿನಲ್ಲಿ ನಡೆಯುತ್ತದೆ. ಭೌತಶಾಸ್ತ್ರ ನಿಮಗೆ ಗೊತ್ತು. ಆ ಕೋಣೆಗಳಲ್ಲಿ ದೇಹಕ್ಕೆ ಏನಾಗುತ್ತದೆ ಅನ್ನುವುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಅದನ್ನು ಹೇಳುತ್ತೇನೆ.

ಕ್ಯೂಬಿಟ್‌ಗಳನ್ನು ತಣ್ಣಗಿಡುವ ಡೈಲ್ಯೂಷನ್ ರೆಫ್ರಿಜರೇಟರ್ ಚಿತ್ರಗಳಲ್ಲಿ ಬಂಗಾರದ ತೂಗುದೀಪದ ಹಾಗೆ ಕಾಣುತ್ತದೆ. ಅದನ್ನು ಎದುರಿಗೆ ನಿಂತು ಕೇಳಬೇಕು. ಹೀಲಿಯಂ 3 ಮತ್ತು ಹೀಲಿಯಂ 4 ಮಿಶ್ರಣದಿಂದ ಅದು ಕೆಲ್ವಿನ್‌ನ ನೂರನೇ ಒಂದು ಭಾಗದವರೆಗೆ, ಅಂದರೆ ಪರಮ ಶೂನ್ಯದ ತೀರಾ ಹತ್ತಿರದವರೆಗೆ ತಣ್ಣಗಾಗುತ್ತದೆ. ಆ ತಂಪಿನ ಮೊದಲ ಹಂತ ಪಲ್ಸ್ ಟ್ಯೂಬ್‌ನದು. ಅದು ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ‘ಚೀಂಯ್, ಚೀಂಯ್’ ಅನ್ನುತ್ತಲೇ ಇರುತ್ತದೆ. ಹಗಲೂ ರಾತ್ರಿ ನಿಲ್ಲುವುದಿಲ್ಲ. ಒಂದು ಲ್ಯಾಬ್‌ನಲ್ಲಿ ಇಂಥ ನಾಲ್ಕೈದು ಯಂತ್ರಗಳು, ಒಂದೊಂದೂ ತನ್ನದೇ ತಾಳದಲ್ಲಿ. ನನಗೆ ಒಂದು ಯಂತ್ರದ ಸದ್ದು ನೆಮ್ಮದಿ ಕೊಡುತ್ತದೆ, ತೊಟ್ಟಿಲ ಹಾಗೆ. ಎರಡು ತಾಳ ತಪ್ಪಿ ಬಡಿಯುವಾಗ ಹಲ್ಲು ಕಟ್ಟುತ್ತದೆ. ನಿಮಗೆ ಹೇಗೋ ಗೊತ್ತಿಲ್ಲ. ಅದಕ್ಕೇ ಪ್ರಾಜೆಕ್ಟ್ ಆಯ್ಕೆ ಮಾಡುವ ಮೊದಲು ಆ ಕೋಣೆಯಲ್ಲಿ ಒಂದು ಗಂಟೆ ಸುಮ್ನೆ ನಿಲ್ಲಬೇಕು ಅಂತ ಕೇಳಿ. ಒಳ್ಳೆ ಸುದ್ದಿ ಏನೆಂದರೆ ಚಿಪ್ ಒಳಗೆ ಹೋಗಿ ಯಂತ್ರ ತಣ್ಣಗಾದ ಮೇಲೆ ಅಳತೆಯ ಕೆಲಸವೆಲ್ಲ ಪೈಥಾನ್ ಪ್ರೋಗ್ರಾಂಗಳಲ್ಲಿ. ಅದನ್ನು ನಿಮ್ಮ ಮೇಜಿನಿಂದಲೇ, ಮನೆಯಿಂದಲೂ ಮಾಡಬಹುದು.

ಚಿಪ್ ತಯಾರಿಸುವ ಕ್ಲೀನ್‌ರೂಮ್ ಇನ್ನೊಂದು ಲೋಕ. ಮೈತುಂಬ ಸೂಟು, ತಲೆಗೆ ಟೋಪಿ, ಕೈಗೆ ಗವಸು. ಚಿಪ್ ಮೇಲೆ ವಿನ್ಯಾಸ ಮೂಡಿಸುವ ಲಿಥೋಗ್ರಫಿ ನಡೆಯುವ ಕಡೆ ಎಲ್ಲೆಲ್ಲೂ ಹಳದಿ ಬೆಳಕು, ಯಾಕೆಂದರೆ ಅಲ್ಲಿ ಬಳಸುವ ರಾಸಾಯನಿಕ ಲೇಪಕ್ಕೆ ನೀಲಿ ಬೆಳಕು ತಾಗಬಾರದು. ನನ್ನ ಜೊತೆಗಿದ್ದ ಆಟಿಸ್ಟಿಕ್ ಹುಡುಗನೊಬ್ಬನಿಗೆ ಅದು ಸ್ವರ್ಗ. ಒಳಗೆ ಹರಟೆ ಇಲ್ಲ, ಪ್ರತಿಯೊಂದಕ್ಕೂ ಬರೆದಿಟ್ಟ ಕ್ರಮ ಇದೆ, ಎಲ್ಲರ ಮುಖವೂ ಅರ್ಧ ಮುಚ್ಚಿರುತ್ತದೆ. ನನಗೆ ಆ ಗವಸು ಹತ್ತು ನಿಮಿಷ ಹಾಕಿಕೊಂಡರೆ ಕೈ ಉರಿಯುತ್ತಿತ್ತು. ಆಟಿಸಂ ಇರುವ ಇಬ್ಬರು ನಾವು, ಒಬ್ಬರಿಗೆ ಹಿಡಿಸಿದ ಜಾಗ ಇನ್ನೊಬ್ಬರಿಗೆ ಆಗಲಿಲ್ಲ. ‘ಆಟಿಸಂ ಇರುವವರಿಗೆ ಇಂಥ ಕೆಲಸ ಸರಿ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೇ ‘ಕ್ವಾಂಟಮ್ ಅಂದರೆ ನಿಮ್ಮಂಥ ಜೀನಿಯಸ್‌ಗಳ ಜಾಗ’ ಅನ್ನುವವರನ್ನೂ ನಂಬಬೇಡಿ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಕ್ವಾಂಟಮ್ ಭೌತವಿಜ್ಞಾನಿ ಪಾಲ್ ಡಿರಾಕ್ ಹೆಸರು ತೆಗೆಯುತ್ತಾರೆ. ಆತ ಅತಿ ಕಡಿಮೆ ಮಾತಾಡುತ್ತಿದ್ದ, ಗಂಟೆಗೆ ಒಂದು ಪದ ಆಡಿದರೆ ಅದನ್ನು ಒಂದು ‘ಡಿರಾಕ್’ ಅಂತ ಅಳೆಯೋಣ ಅಂತ ಕೇಂಬ್ರಿಜ್‌ನ ಗೆಳೆಯರು ಹೇಳುತ್ತಿದ್ದರು ಅನ್ನುವ ಕತೆ ಇದೆ. ಕ್ವಾಂಟಮ್ ಸ್ಥಿತಿಗಳನ್ನು ಬರೆಯಲು ನಾವೆಲ್ಲ ಬಳಸುವ ಬ್ರಾ–ಕೆಟ್ ಬರವಣಿಗೆ ಆತ ಕೊಟ್ಟಿದ್ದು, ನಿಜ. ಆದರೆ ಸತ್ತವರಿಗೆ ನಾವು ಆಟಿಸಂ ಸರ್ಟಿಫಿಕೇಟ್ ಕೊಡುವುದು ಸರಿಯಲ್ಲ. ಅದರಿಂದ ನಮಗೂ ಪೆಟ್ಟು. ಆಮೇಲೆ ನಾವು ಸಾಧಾರಣ ಒಳ್ಳೆಯ ಕೆಲಸಗಾರರಾಗಿದ್ದರೆ ಸಾಲದು, ಪವಾಡ ಮಾಡಿದರೆ ಮಾತ್ರ ನಮ್ಮ ಕಷ್ಟಗಳಿಗೆ ಕ್ಷಮೆ ಅನ್ನುವ ಹಾಗಾಗುತ್ತದೆ.

ಈ ಕ್ಷೇತ್ರಕ್ಕೆ ಪವಾಡಕ್ಕಿಂತ ಜಾಸ್ತಿ ಬೇಕಾಗಿರುವುದು ಬೇರೆ ಗುಣ. 2015ರಲ್ಲಿ ಡೆಲ್ಫ್ಟ್‌ನ ಕ್ಯಾಂಪಸ್‌ನಲ್ಲಿ 1.3 ಕಿಲೋಮೀಟರ್ ದೂರದ ಎರಡು ಲ್ಯಾಬ್‌ಗಳ ನಡುವೆ ರೊನಾಲ್ಡ್ ಹ್ಯಾನ್ಸನ್ ಅವರ ತಂಡ, ದೂರದ ಕಣಗಳ ನಡುವಿನ ಕ್ವಾಂಟಮ್ ನಂಟನ್ನು ಪರೀಕ್ಷಿಸುವ ಬೆಲ್ ಪ್ರಯೋಗ ಮಾಡಿತು. ಲೋಪಕ್ಕೆ ಜಾಗ ಇಲ್ಲದ ಹಾಗೆ ಮಾಡಿದ ಮೊದಲ ಬೆಲ್ ಪ್ರಯೋಗ ಅದು. ಅದಕ್ಕೆ ಎಷ್ಟು ಅಳತೆಗಳು ಸಿಕ್ಕವು ಗೊತ್ತಾ? 220 ಗಂಟೆಗಳಲ್ಲಿ 245. ಹೆಚ್ಚು ಕಡಿಮೆ ಗಂಟೆಗೊಂದು! ಉಳಿದ ಹೊತ್ತೆಲ್ಲ ಲೇಸರ್ ಸರಿ ಇದೆಯಾ, ಯಂತ್ರ ಸರಿ ಇದೆಯಾ ಅಂತ ಕಾಯುವುದು. ದಿನನಿತ್ಯದ ಕೆಲಸವೂ ಹೀಗೇ. ನಿನ್ನೆ ಶ್ರುತಿ ಮಾಡಿದ ಕ್ಯೂಬಿಟ್‌ನ ಆವರ್ತನ ಇವತ್ತು ತಾನಾಗಿ ಸ್ವಲ್ಪ ಸರಿದಿರುತ್ತದೆ. ಮತ್ತೆ ಮೊದಲಿಂದ ಅಳೆಯಬೇಕು. ನನಗೆ ಇದು ಇಷ್ಟ. ಅದೇ ಆಕಾರದ ರೇಖೆ ದಿನಾ ಬಂದು, ಒಂದು ದಿನ ಅದರಲ್ಲಿ ಒಂದು ಸಣ್ಣ ಗುಂಡಿ ಕಂಡರೆ ಅವತ್ತು ನಾನು ಬೇರೆ ಏನನ್ನೂ ಯೋಚಿಸಲಾರೆ.

ಒಂದು ಬಿಂದು ಹೊಂದದಿದ್ದರೆ ನಿದ್ದೆ ಬಾರದ ಈ ಸ್ವಭಾವವನ್ನು ಊರಲ್ಲಿ ಹಟ ಅನ್ನುತ್ತಿದ್ದರು. ಈ ಕ್ಷೇತ್ರಕ್ಕೆ ಅದು ಬೇಕೇ ಬೇಕು. ಡೆಲ್ಫ್ಟ್‌ನಿಂದಲೇ 2018ರಲ್ಲಿ, ಕ್ಯೂಬಿಟ್ ಮಾಡಲು ಬಳಸಬಹುದು ಅಂತ ಹುಡುಕುತ್ತಿದ್ದ ಮಯೋರಾನಾ ಕಣಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಪ್ರಬಂಧ ಬಂದಿತ್ತು. ಹೊರಗಿನ ಇಬ್ಬರು ಭೌತವಿಜ್ಞಾನಿಗಳು ಪೂರ್ತಿ ಡೇಟಾ ತರಿಸಿಕೊಂಡು ನೋಡಿದಾಗ, ಪ್ರಬಂಧದಲ್ಲಿ ತೋರಿಸದೆ ಬಿಟ್ಟ ಭಾಗಗಳು ಬೇರೆಯೇ ಕತೆ ಹೇಳುತ್ತಿದ್ದವು. 2021ರಲ್ಲಿ ಲೇಖಕರೇ ಅದನ್ನು ಹಿಂದಕ್ಕೆ ಪಡೆದರು. ಆ ಇಬ್ಬರಿಗೆ ಯಾವ ಹೆಸರೂ ಅಂಟಿಸುತ್ತಿಲ್ಲ ನಾನು. ಹೊಂದದ ಬಿಂದುವಿನ ಬಗ್ಗೆ ಕೇಳುತ್ತಲೇ ಇರುವವರು ಇಲ್ಲದಿದ್ದರೆ ಎಷ್ಟು ವರ್ಷಗಳ ಕೆಲಸ ತಪ್ಪು ದಾರಿ ಹಿಡಿಯುತ್ತದೆ ಅನ್ನುವುದಕ್ಕೆ ಹೇಳಿದೆ. ನೀವು ಹಾಗೆ ಕೇಳುವವರಾದರೆ, ಕೇಳುತ್ತಲೇ ಇರಿ.

ಈ ಸ್ವಭಾವದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಂದರಲ್ಲಿ ಮುಳುಗಿದರೆ ಊಟ ಇಲ್ಲ, ನೀರಿಲ್ಲ. ರಾತ್ರಿ ಎರಡಕ್ಕೆ ‘ಇನ್ನೊಂದೇ ಸ್ಕ್ಯಾನ್’ ಅಂತ ಕೂತು ಬೆಳಗು ಮಾಡಿದ್ದೇನೆ. ಮನೆಯಿಂದಲೇ ಯಂತ್ರ ನಡೆಸಬಹುದು ಅನ್ನುವುದು ನಮ್ಮಂಥವರಿಗೆ ವರವೂ ಹೌದು, ಗಂಡಾಂತರವೂ ಹೌದು. ನಾನು ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತೇನೆ. ಆರು ವರ್ಷದಿಂದ ಹಾಗೇ.

ಡಚ್ಚರ ನೇರ ಮಾತಿಗೂ ತಯಾರಾಗಿ ಬನ್ನಿ. ‘ದಿತ್ ಕ್ಲೊಪ್ತ್ ನೀತ್’ ಅನ್ನುತ್ತಾರೆ, ಇದು ಸರಿಹೊಂದುತ್ತಿಲ್ಲ ಅಂತ. ಪೀಠಿಕೆ ಇಲ್ಲ, ನಗು ಇಲ್ಲ. ಮಾತಿನ ಹಿಂದೆ ಇನ್ನೊಂದು ಮಾತಿದೆಯಾ ಅಂತ ಹುಡುಕುವ ಕೆಲಸ ತಪ್ಪಿದ್ದು ನನ್ನ ಆಟಿಸಂಗೆ ದೊಡ್ಡ ವಿಶ್ರಾಂತಿ. ಸಣ್ಣ ಟೀಕೆಗೂ ಎದೆ ಒಡೆಯುವ ನನ್ನ ಎಡಿಎಚ್‌ಡಿಗೆ ಮಾತ್ರ ಅದು ಚಾಟಿ ಏಟು. ಎರಡೂ ಒಂದೇ ದಿನ ಆಗುತ್ತವೆ. ಟೀಕೆ ಬರೆದು ಕಳಿಸಿ, ಮಾರನೇ ದಿನ ಮಾತಾಡೋಣ ಅಂತ ಕೇಳಿಕೊಂಡ ಮೇಲೆ ನನಗೆ ಉಸಿರಾಡಲು ಜಾಗ ಸಿಕ್ಕಿತು.

ಇಲ್ಲಿನ ಭಾಷೆಯಲ್ಲಿ ‘ಪ್ರಿಕೆಲ್’ ಅಂತ ಒಂದು ಪದ ಇದೆ. ಕಣ್ಣು, ಕಿವಿ, ಚರ್ಮಕ್ಕೆ ಬಂದು ತಾಗುವ ಪ್ರತಿಯೊಂದೂ ಪ್ರಿಕೆಲ್. ಅದು ಜಾಸ್ತಿಯಾದಾಗ ‘ಓವರ್‌ಪ್ರಿಕೆಲ್ಡ್’ ಅನ್ನುತ್ತಾರೆ. ಡಾಕ್ಟರ ಭಾಷೆಯಲ್ಲ ಅದು, ಮಕ್ಕಳ ಬಗ್ಗೆ ಅಮ್ಮಂದಿರು ಆಡುವ ದಿನದ ಮಾತು. ನಮ್ಮ ‘ತಲೆ ಚಿಟ್ಟು ಹಿಡೀತು’ ಅನ್ನುವುದಕ್ಕೆ ತೀರಾ ಹತ್ತಿರ. ಆ ಒಂದು ಪದ ಕಲಿತು ಬನ್ನಿ. ‘ನನಗೆ ಪ್ರಿಕೆಲ್ ಜಾಸ್ತಿ ಆಯಿತು, ಹತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆ’ ಅಂದರೆ ಯಾರೂ ಕಾರಣ ಕೇಳುವುದಿಲ್ಲ. ರೈಲುಗಳಲ್ಲಿ ಕಿಟಕಿಯ ಮೇಲೆ ‘ಸ್ಟಿಲ್ಟೆ’ ಅಂತ ಬರೆದ ಡಬ್ಬಿಗಳಿರುತ್ತವೆ. ಅಲ್ಲಿ ಮಾತಾಡುವಂತಿಲ್ಲ. ನಾನು ಯಾವಾಗಲೂ ಅಲ್ಲೇ ಕೂರುವುದು.

ಡಾಕ್ಟರು, ಔಷಧಿ ವಿಷಯದಲ್ಲಿ ಉದಾಸೀನ ಬೇಡ. ಬಂದ ಕೂಡಲೇ ನಗರಸಭೆಯಲ್ಲಿ ನೋಂದಣಿ, ಬಿಎಸ್‌ಎನ್ ಅನ್ನುವ ಇಲ್ಲಿನ ನಾಗರಿಕ ಗುರುತಿನ ಸಂಖ್ಯೆ, ನಾಲ್ಕು ತಿಂಗಳೊಳಗೆ ಆರೋಗ್ಯ ವಿಮೆ, ಮನೆ ಹತ್ತಿರದ ಹೌಸ್‌ಆರ್ಟ್ಸ್ ಡಾಕ್ಟರ ಹತ್ತಿರ ಹೆಸರು ಬರೆಸುವುದು. ಮನೋವೈದ್ಯರ ಹತ್ತಿರ ನೇರ ಹೋಗುವಂತಿಲ್ಲ, ಹೌಸ್‌ಆರ್ಟ್ಸ್ ಚೀಟಿ ಬೇಕು. ಆಮೇಲೂ ಸರದಿ ತಿಂಗಳುಗಟ್ಟಲೆ. ನಾನು ನಿಜವಾಗಿ ಕೋಪಗೊಳ್ಳುವ ಸಂಗತಿ ಇದು. ಇಷ್ಟು ಅನುಕೂಲವಂತ ದೇಶದಲ್ಲಿ ಜನ ಇಷ್ಟು ಕಾಯಬಾರದು. ಹೌಸ್‌ಆರ್ಟ್ಸ್ ಭೇಟಿಗೆ ಕೈಯಿಂದ ಹಣ ಹೋಗುವುದಿಲ್ಲ. ಅದರಾಚೆಯ ಚಿಕಿತ್ಸೆಗೆ ವರ್ಷದ ಮೊದಲ 385 ಯೂರೋ ನೀವೇ ಕೊಡಬೇಕು. ಬೆಂಗಳೂರಿನ ವರದಿಯನ್ನು ಪರೀಕ್ಷೆಗಳ ಅಂಕಗಳ ಸಮೇತ ಇಂಗ್ಲಿಷಿನಲ್ಲಿ, ಡಾಕ್ಟರ ಸಹಿ ಹಾಕಿಸಿ ತನ್ನಿ. ಎಲ್ಲವನ್ನೂ ಮೊದಲಿಂದ ಶುರು ಮಾಡುವ ಕಷ್ಟ ಎಷ್ಟೋ ತಪ್ಪುತ್ತದೆ. ನೀವು ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದು ಇಲ್ಲೂ ಸಿಗುತ್ತದೆ, ಆದರೆ ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತದೆ. ಔಷಧಿಯ ಮೂಲ ಹೆಸರು, ಪ್ರಮಾಣ ಬರೆದ ಡಾಕ್ಟರ ಪತ್ರ ಜೊತೆಗಿರಲಿ, ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ, ಎಷ್ಟು ದಿನದ್ದು ತರಬಹುದು ಅಂತ ರಾಯಭಾರ ಕಚೇರಿಯಲ್ಲಿ ಕೇಳಿಕೊಳ್ಳಿ. ಕೊರಿಯರ್‌ನಲ್ಲಿ ಮಾತ್ರ ಯಾವತ್ತೂ ತರಿಸಬೇಡಿ.

ಪಿಎಚ್‌ಡಿ ಮುಗಿದ ಮೇಲೆ? ಡೆಲ್ಫ್ಟ್ ಸುತ್ತಲೇ ಕಂಪನಿಗಳಿವೆ. ಕ್ಯೂಬ್ಲಾಕ್ಸ್ ಕ್ಯೂಬಿಟ್ ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಮಾಡುತ್ತದೆ, ಕ್ವಾಂಟ್‌ವೇರ್ ಚಿಪ್ ಮಾಡುತ್ತದೆ, ಡೆಲ್ಫ್ಟ್ ಸರ್ಕ್ಯೂಟ್ಸ್ ಅತಿ ತಣ್ಣನೆಯ ಜಾಗಕ್ಕೆ ಬೇಕಾದ ಕೇಬಲ್ ಮಾಡುತ್ತದೆ. ದೋಷ ತಿದ್ದುವ ಕೋಡ್‌ಗಳ ಗಣಿತ, ಬೇಕಾದ ಹಾಗೆ ಪ್ರೋಗ್ರಾಂ ಮಾಡಬಹುದಾದ ಎಫ್‌ಪಿಜಿಎ ಚಿಪ್‌ಗಳು, ಶ್ರುತಿ ಮಾಡುವ ಸಾಫ್ಟ್‌ವೇರ್ ಹೀಗೆ ಸದ್ದಿಲ್ಲದ ಕೆಲಸಗಳು ಬೇಕಾದಷ್ಟಿವೆ. ಆದರೆ ಇವು ಹೂಡಿಕೆಯ ಹಣದ ಮೇಲೆ ನಿಂತ ಕಂಪನಿಗಳು. ಕೆಲಸ ಹೋದರೆ ಇನ್ನೊಂದು ಹುಡುಕಲು ನಮ್ಮ ವೀಸಾದವರಿಗೆ ಸಾಮಾನ್ಯವಾಗಿ ಮೂರು ತಿಂಗಳು. ಬದಲಾವಣೆ ಅಂದರೆ ನಡುಗುವ ನಮ್ಮಂಥವರಿಗೆ ಆ ಮೂರು ತಿಂಗಳು ಬಹಳ ಕಠಿಣ. ಪಿಎಚ್‌ಡಿ ಮುಗಿಸಿದವರಿಗೆ ಒಂದು ವರ್ಷದ ‘ಝೂಕ್‌ಯಾರ್’ ಪರವಾನಗಿ ಇದೆ, ಕೆಲಸ ಹುಡುಕಿಕೊಳ್ಳಲು. ಅದನ್ನು ಮರೆಯಬೇಡಿ.

ಇನ್ನೊಂದು ಮಾತು, ಸ್ವಲ್ಪ ಅಳುಕಿನಿಂದಲೇ ಹೇಳುತ್ತೇನೆ. ಬರದಿದ್ದರೂ ಪರವಾಗಿಲ್ಲ. ನಾನು ಹೊರಟಾಗ ಬೆಂಗಳೂರಿನಲ್ಲಿ ಇಷ್ಟು ಅವಕಾಶ ಇರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಐಐಎಸ್ಸಿಯಲ್ಲೇ ಇದೆ. ಆಟಿಸಂ ಅನ್ನು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸುತ್ತದೆ. ಮನೆಯವರ ಆಸರೆ ನಿಮ್ಮನ್ನು ನಿಲ್ಲಿಸಿರುವ ಕಂಬ ಆಗಿದ್ದರೆ ಅದನ್ನು ಬಿಟ್ಟು ಬರುವುದು ಸಣ್ಣ ವಿಷಯ ಅಲ್ಲ. ನೀವು ಬರಲೇಬೇಕು ಅಂದುಕೊಂಡಿದ್ದೀರಿ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ನನಗೂ ನೀವು ಬರಲಿ ಅಂತಲೇ ಆಸೆ.

ಇಲ್ಲಿ ಕನ್ನಡದವರು ಸಿಗುತ್ತಾರೆ. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತೇವೆ. ಮೈಕು, ಮಕ್ಕಳ ಗಲಾಟೆ, ‘ಮದುವೆ ಯಾವಾಗ?’ ಎಲ್ಲ ಇರುತ್ತದೆ. ಮೊದಲೆಲ್ಲ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಾರಿ ಸಿಕ್ಕಿತು. ಬಡಿಸುವ ಕೆಲಸ ವಹಿಸಿಕೊಂಡೆ. ಕೈಯಲ್ಲಿ ಕೋಸಂಬರಿ ಪಾತ್ರೆ ಇದ್ದರೆ ಯಾರ ಹತ್ತಿರವೂ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾಗಿಲ್ಲ, ಎಲ್ಲರನ್ನೂ ಮಾತಾಡಿಸಿದ ಹಾಗೂ ಆಗುತ್ತದೆ. ಮುಂದಿನ ಯುಗಾದಿಗೆ ಪಲ್ಯದ ಪಾತ್ರೆ ನಿಮಗೆ ಕೊಡುತ್ತೇನೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಯಾರು ಎಬ್ಬಿಸುತ್ತಾರೆ? ಅಮ್ಮನೇ ಎಬ್ಬಿಸಲಿ. ನನ್ನನ್ನು ನನ್ನ ಅಮ್ಮ ಎರಡು ವರ್ಷ ವಿಡಿಯೋ ಕಾಲ್‌ನಲ್ಲಿ ಎಬ್ಬಿಸಿದ್ದಾಳೆ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಅಲಾರಂ ಆರಿಸಿ ಮಲಗಬಹುದು, ಅಮ್ಮನ ಮುಖ ಆರಿಸಲು ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟೂವರೆ ಕಳೆದ ಮೇಲೆ. ಆ ಕತ್ತಲಲ್ಲಿ ಎದ್ದು ಕೂರಲು ಒಂದು ದನಿ ಬೇಕಾಗುತ್ತದೆ. ಕಾಲ್ ಇಟ್ಟುಬಿಡಬೇಡಿ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿರಲಿ, ನೀವು ಹಲ್ಲುಜ್ಜಿ, ಬ್ಯಾಗ್ ತುಂಬಿ, ಬೀಗ ಹಾಕುವವರೆಗೆ ಫೋನ್ ಅಲ್ಲೇ ನಿಂತಿರಲಿ.

ಒಂದು ಲೆಕ್ಕ ಮಾತ್ರ ಸರಿಯಾಗಿ ಹೇಳಿ ಬನ್ನಿ. ನೀವು ಬರುವ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಏಳೂವರೆ ಅಂದರೆ ಹುಬ್ಬಳ್ಳಿಯಲ್ಲಿ ಹನ್ನೊಂದು ಗಂಟೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅವತ್ತಿನಿಂದ ಅಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಮಾಡಬೇಕು. ಮಾರ್ಚ್ ಕೊನೆಯ ಭಾನುವಾರ ಮತ್ತೆ ಹನ್ನೊಂದಕ್ಕೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಎರಡೂ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಹೊರಡಿ.